ಹಾಕಿದೆ ಅಂದರೆ ಹೇಗೆ ಹಾಕಿದೆ?

ಅಂಕಲ್‌ರ ಎಡ ಹುಬ್ಬು ಪೂರ್ತಿ ಬೆಳ್ಳಗಾಗಿತ್ತು, ಬಲ ಹುಬ್ಬು ಕಡುಕಪ್ಪು. ಯಾರಾದರೂ ಹೇಳಿದ್ದು ಅರ್ಥವಾಗದಿದ್ದರೆ ಬಿಳಿ ಹುಬ್ಬು ಹಣೆಯ ಅರ್ಧಕ್ಕೆ ಏರುತ್ತಿತ್ತು. ಕರಿಯದು ತನಗೂ ಇದಕ್ಕೂ ಸಂಬಂಧವೇ ಇಲ್ಲ ಎಂಬಂತೆ ಇದ್ದಲ್ಲೇ ಇರುತ್ತಿತ್ತು. ಅಂಕಲ್ ಒಂದು ಹುಬ್ಬಿಗೆ ಮಾತ್ರ ಬಣ್ಣ ಹಚ್ಚಿಕೊಳ್ಳುತ್ತಾರೆ ಎಂದು ಆಫೀಸಿನಲ್ಲಿ ಕೆಲವರು ನಂಬಿದ್ದರು. ನಾನು ತಡೆಯಲಾರದೆ ಒಂದು ದಿನ ಕೇಳಿಯೇಬಿಟ್ಟೆ. "ಇಲ್ಲ ತಂಗಿ, ಒಂದಕ್ಕ ವಯಸ್ಸಾತು, ಇನ್ನೊಂದಕ್ಕ ಆಗಿಲ್ಲ. ಯಾಕಂತ ನನಗೂ ತಿಳದಿಲ್ಲ" ಅಂದರು.

ಸಿಂಗಪುರದ ಕಾಕಿ ಬುಕಿತ್‌ನ ಗೋದಾಮುಗಳ ನಡುವೆ ನಮ್ಮ ಪುಟ್ಟ ಕಂಪನಿ ಇತ್ತು. ಶ್ರೀಮಂತರ ಸ್ವಂತ ವಿಮಾನಗಳನ್ನು ನೋಡಿಕೊಳ್ಳುವುದು ನಮ್ಮ ವ್ಯಾಪಾರ. ಅಂಕಲ್ ಅಲ್ಲಿ ಸೇಫ್ಟಿ ಮ್ಯಾನೇಜರ್. ಹುಬ್ಬಳ್ಳಿಯವರು, ಬೆಂಗಳೂರಿನ ವಿಮಾನ ಕಾರ್ಖಾನೆಯೊಂದರಲ್ಲಿ ಬಹುಕಾಲ ದುಡಿದು ಆಮೇಲೆ ಸಿಂಗಪುರಕ್ಕೆ ಬಂದು ನೆಲೆಸಿದವರು. ಚೀನೀ ಡೈರೆಕ್ಟರ್‌ನಿಂದ ಹಿಡಿದು ಮಲಯ್ ಟೆಕ್ನಿಷಿಯನ್‌ಗಳವರೆಗೆ ಎಲ್ಲರಿಗೂ ಅವರು ಅಂಕಲ್, ನನಗೂ ಅಂಕಲ್. ನಾನು ಮೈಸೂರಿನವಳು. ವಿಮಾನದ ಬಳಿ ಯಾವ ಕೆಲಸವನ್ನು ಹೇಗೆ ಮಾಡಬೇಕು ಎಂಬುದನ್ನು ಯಾರಿಗೂ ಗೊಂದಲವಾಗದಂತೆ ಇಂಗ್ಲಿಷಿನಲ್ಲಿ ಬರೆದಿಡುವುದು ನನ್ನ ಕೆಲಸ. ಅಂಥವಳಿಗೆ ಸಿಕ್ಕ ಮೇಲಧಿಕಾರಿ ದಿನವಿಡೀ "ನನಗೆ ಅರ್ಥ ಆಗಲಿಲ್ಲ, ಇನ್ನೊಮ್ಮೆ ಹೇಳಿ" ಎನ್ನುವವರು.

ಇಂಟರ್‌ವ್ಯೂನಲ್ಲೇ ಅದು ಶುರುವಾಗಿತ್ತು. ನಾನು ಮನೆಯಲ್ಲಿ ಬಾಯಿಪಾಠ ಮಾಡಿಕೊಂಡು ಬಂದಿದ್ದ ಇಂಗ್ಲಿಷ್ ಮಾತುಗಳನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದೆ. ಬಿಳಿ ಹುಬ್ಬು ಏರಿತು. ಇನ್ನೊಮ್ಮೆ ಹೇಳಿ ಅಂದರು. ಎರಡನೆಯ ಸಲ ಹೇಳುವಾಗ ನಾನು ಏನು ಹೇಳುತ್ತಿದ್ದೇನೆ ಎಂದು ನನಗೇ ಗೊತ್ತಾಗಲಿಲ್ಲ. ಮೂರನೆಯ ಸಲ ಕನ್ನಡದಲ್ಲಿ ಕೇಳಿದರು: "ಸರಿ, ನಿಮಗೆ ಏನು ಬರುತ್ತೆ?" ನಾನು, "ಸಾರ್, ನಂಗೆ ವಿಮಾನ ಗೊತ್ತಿಲ್ಲ, ಬರೆಯೋಕೆ ಬರುತ್ತೆ" ಅಂದೆ. ಹುಬ್ಬು ಕೆಳಗಿಳಿಯಿತು. ಕೆಲಸ ಸಿಕ್ಕಿತು. ಸೆರಂಗೂನ್‌ನ ರೂಮಿಗೆ ವಾಪಸಾಗುವಾಗ ದಾರಿಯುದ್ದಕ್ಕೂ, ಈ ಮನುಷ್ಯ ಜಾಣರೋ ಮಂದಮತಿಯೋ ಎಂದು ಯೋಚಿಸಿದೆ. ಹೇಳಿಬಿಡುತ್ತೇನೆ, ಆ ಯೋಚನೆ ಇನ್ನೂ ಮುಗಿದಿಲ್ಲ.

ಏಕೆಂದರೆ ಎರಡಕ್ಕೂ ಸಾಕ್ಷಿ ಸಿಗುತ್ತಿತ್ತು. ಹೊಸ ಸಾಫ್ಟ್‌ವೇರ್ ಮಾರಲು ಬಂದವನೊಬ್ಬ ಗೋಡೆಯ ತುಂಬ ಬಣ್ಣದ ಚಿತ್ರ ತೋರಿಸುತ್ತಿದ್ದಾಗ ನಾವೆಲ್ಲ ತಲೆಯಾಡಿಸುತ್ತ ಕೂತಿದ್ದೆವು. ಅಂಕಲ್ ಮಾತ್ರ ಅರ್ಥವಾಗಲಿಲ್ಲ ಅಂದರು. ಆತ ಮತ್ತೆ ಹೇಳಿದ. ಇವರು ಮತ್ತೆ ಕೇಳಿದರು. ಕೊನೆಗೆ, ಅದು ತನಗೂ ಸರಿಯಾಗಿ ಗೊತ್ತಿಲ್ಲ ಎಂದು ಅವನೇ ಒಪ್ಪಿಕೊಂಡ. ಆಹಾ ಎಂದುಕೊಂಡೆ. ಆದರೆ ಅದೇ ವಾರ ವಿಡಿಯೋ ಕಾಲ್‌ನಲ್ಲಿ ಮೈಕ್ ಆನ್ ಮಾಡುವುದು ಹೇಗೆಂದು ನನ್ನನ್ನು ಎಷ್ಟು ಸಲ ಕೇಳಿದರೆಂದರೆ ನಾನು ಎದ್ದು ಹೋಗಿ ನೀರು ಕುಡಿದು ಬಂದೆ.

ಕೆಳಗಿನ ಕಾಫಿ ಅಂಗಡಿಯಲ್ಲೂ ಅದೇ ಕಥೆ. ಅವರಿಗೆ ಸಕ್ಕರೆ ಕಾಯಿಲೆ. ದಿನವೂ "ಕೋಪಿ ಕೊಸೊಂಗ್" ಎಂದು ಹೇಳಿ, ದಿನವೂ ಕೇಳುತ್ತಿದ್ದರು: "ಕೊಸೊಂಗ್, ನೋ ಶುಗರ್, ಕರೆಕ್ಟ್?" ಅಂಗಡಿಯ ಚೀನೀ ಆಂಟಿ ಲೋಟ ಕುಕ್ಕಿ, "ಅಂಕಲ್, ಎವ್ರಿ ಡೇ ಯು ಆಸ್ಕ್ ಲಾ!" ಎಂದು ರೇಗುತ್ತಿದ್ದಳು. ಅವರು ಜೋಳದ ರೊಟ್ಟಿಯ ಡಬ್ಬಿ ಬಿಚ್ಚಿ ಶೇಂಗಾ ಚಟ್ನಿ ನನ್ನ ಕಡೆ ಸರಿಸುತ್ತ ಹೇಳುತ್ತಿದ್ದರು, "ಆಕಿ ಸಿಟ್ಟು ಮಾಡಿದ್ರೂ ಸರಿ. ಗೊತ್ತೈತಿ ಅಂದ್ಕೊಂಡು ಕುಡಿಯೂದಕಿಂತ ಕೇಳಿ ಬೈಸ್ಕೊಳ್ಳೂದು ಚಲೋ." ಬೇರೆಯವರ ಎದುರು ಅವರದು ಬೆಂಗಳೂರಿನ ಕನ್ನಡವೇ. ನನ್ನೊಡನೆ ಊಟಕ್ಕೆ ಕೂತಾಗ, ಇಲ್ಲವೇ ಗಲಿಬಿಲಿಯಾದಾಗ, ಹುಬ್ಬಳ್ಳಿ ಹೊರಗೆ ಬರುತ್ತಿತ್ತು.

ಹೀಗಿರುವಾಗ ಆ ಜೆಟ್ ಬಂತು.

ಯಾವುದೋ ದೇಶದ ವಾಯುಪಡೆ ತನ್ನ ಪೈಲಟ್‌ಗಳಿಗೆ ಹಾರಾಟ ಕಲಿಸಲು ಬಳಸಿ, ಸಾಕಾದ ಮೇಲೆ ಮಾರಿದ್ದ ಎರಡು ಸೀಟಿನ ಯುದ್ಧ ವಿಮಾನ ಅದು. ಒಬ್ಬ ವ್ಯಾಪಾರಿ ಅದನ್ನು ಕೊಂಡಿದ್ದ. ಕೆಲವರು ಹಳೆಯ ಸ್ಕೂಟರ್ ಕೊಂಡು ಪಾಲಿಶ್ ಮಾಡಿಸಿ ಖುಷಿಪಡುವುದಿಲ್ಲವೇ, ಹಾಗೆ. ಅದನ್ನು ಊರಿನ ದೊಡ್ಡ ವಿಮಾನ ನಿಲ್ದಾಣದಲ್ಲೇ ಇಟ್ಟುಕೊಂಡು, ರಜಾ ದಿನಗಳಲ್ಲಿ ಗೆಳೆಯರನ್ನು ಕೂರಿಸಿಕೊಂಡು ಹಾರಬೇಕು ಎಂಬುದು ಅವನ ಆಸೆ. ಸದ್ಯಕ್ಕೆ ನಿಲ್ದಾಣದ ಒಂದು ಮೂಲೆಯಲ್ಲಿ ನಿಲ್ಲಿಸಲು ಜಾಗ ಸಿಕ್ಕಿತ್ತು. ಶಾಶ್ವತವಾಗಿ ಇಡುವ ಮಾತು ಬಂದಾಗ ನಿಲ್ದಾಣದವರು ನಮ್ಮ ಕಂಪನಿಯನ್ನು ಒಂದೇ ಪ್ರಶ್ನೆ ಕೇಳಿದರು: ನಿಮಿಷ ನಿಮಿಷಕ್ಕೂ ಪ್ರಯಾಣಿಕರ ವಿಮಾನ ಇಳಿದು ಏರುವ ಜಾಗದಲ್ಲಿ ಇದನ್ನು ಇಟ್ಟು ಹಾರಿಸುವುದು ಸುರಕ್ಷಿತವೇ? ಉತ್ತರ ಹೇಳಬೇಕಾದವರು ಅಂಕಲ್.

ನಮ್ಮ ಡೈರೆಕ್ಟರ್ ಕೆಟ್ಟವರಲ್ಲ. ಆ ವರ್ಷ ಕೆಲಸ ಕಡಿಮೆಯಿತ್ತು, ಈ ಗಿರಾಕಿ ಉಳಿದರೆ ನಾವೆಲ್ಲ ಉಳಿಯುತ್ತಿದ್ದೆವು. ಅವರ ಕಣ್ಣಿನಲ್ಲಿ ಉತ್ತರ ಆಗಲೇ 'ಹೌದು' ಆಗಿತ್ತು. ಅಂಕಲ್ ಮಾತ್ರ ಜೆಟ್‌ನ ಸುತ್ತ ತಿರುಗಿದ್ದೇ ತಿರುಗಿದ್ದು. ಅದರೊಳಗಿನ ಬರಹವೆಲ್ಲ ನಮಗೆ ಯಾರಿಗೂ ಬಾರದ ಲಿಪಿಯಲ್ಲಿತ್ತು. ಅದರ ಕೈಪಿಡಿಯನ್ನು ಇಂಗ್ಲಿಷಿಗೆ ಇಬ್ಬರಿಂದ ಅನುವಾದ ಮಾಡಿಸಿದ್ದೆವು. ಒಬ್ಬರು 'ಬೇಡ' ಎಂದು ಬರೆದ ಕಡೆ ಇನ್ನೊಬ್ಬರು 'ಅಗತ್ಯವಿಲ್ಲ' ಎಂದು ಬರೆದಿದ್ದರು. ಎರಡೂ ಒಂದೇ ತಾನೆ ಎಂದು ನಾನು ಕೇಳಿದ್ದಕ್ಕೆ ಬಿಳಿ ಹುಬ್ಬು ಏರಿ ಬಹಳ ಹೊತ್ತು ಇಳಿಯಲೇ ಇಲ್ಲ.

ಎಲ್ಲಕ್ಕಿಂತ ಅವರನ್ನು ಕಾಡಿದ್ದು ಸೀಟು. ಇಂಥ ವಿಮಾನಗಳಲ್ಲಿ ಪೈಲಟ್‌ನ ಕುರ್ಚಿಯ ಕೆಳಗೆ ಮದ್ದು ತುಂಬಿರುತ್ತಾರೆ. ಆಪತ್ತಿನಲ್ಲಿ ಹಿಡಿಕೆ ಎಳೆದರೆ ಕುರ್ಚಿ ಆಳಿನ ಸಮೇತ ಆಕಾಶಕ್ಕೆ ಹಾರಿ ಪ್ರಾಣ ಉಳಿಸುತ್ತದೆ. ನೆಲದ ಮೇಲಿದ್ದಾಗ ಅಪ್ಪಿತಪ್ಪಿ ಹಾರದಿರಲೆಂದು ಪಕ್ಕದಲ್ಲಿ ಒಂದು ಲಿವರ್, ಕೆಲವು ಪಿನ್ನುಗಳು. ಲಿವರ್ ಒಂದು ಕಡೆ ಇದ್ದರೆ ಸೀಟು ಮಲಗಿರುತ್ತದೆ, ಇನ್ನೊಂದು ಕಡೆ ಇದ್ದರೆ ಎಚ್ಚರವಾಗಿರುತ್ತದೆ. ತನ್ನನ್ನು ಕೇಳದೆ ಯಾರೂ ಒಳಗೆ ಕೂರಬಾರದು ಎಂದು ಅಂಕಲ್ ಕಟ್ಟಪ್ಪಣೆ ಮಾಡಿದ್ದರು.

ಆ ದಿನ ಅಂಕಲ್ ಕಾಕಿ ಬುಕಿತ್‌ನಲ್ಲೇ ಇದ್ದರು. ಡೈರೆಕ್ಟರ್ ಮತ್ತು ನಾನು ಜೆಟ್‌ನ ಹತ್ತಿರ ಇದ್ದೆವು. ಸುಡು ಬಿಸಿಲು, ಕಾಂಕ್ರೀಟಿನಿಂದ ಕಾವು ಏಳುತ್ತಿತ್ತು. ಸ್ವಲ್ಪ ದೂರದಲ್ಲಿ ಒಂದು ಪ್ರಯಾಣಿಕರ ವಿಮಾನ ಹೊರಡಲು ಸಿದ್ಧವಾಗಿ ನಿಂತಿತ್ತು, ಕಿಟಕಿಗಳಲ್ಲಿ ಮುಖಗಳು ಕಾಣುತ್ತಿದ್ದವು. ಡೈರೆಕ್ಟರ್‌ಗೆ ಒಳಗೆ ಕೂತು ಒಂದು ಫೋಟೋ ತೆಗೆಸಿಕೊಳ್ಳುವ ಮನಸ್ಸಾಯಿತು. "ಫೈವ್ ಮಿನಿಟ್ಸ್ ಓನ್ಲಿ ಲಾ. ಕಾಲ್ ಅಂಕಲ್" ಎಂದು ಫೋನನ್ನು ನನ್ನ ಕೈಗಿತ್ತರು. ಟೆಕ್ನಿಷಿಯನ್‌ಗಳು ಊಟಕ್ಕೆ ಹೋಗಿದ್ದರು.

ಅಂಕಲ್ ಕೇಳಿದ್ದು ನೇರ ಪ್ರಶ್ನೆ. "ಸೀಟಿನ ಬಾಜೂಕ ಲಿವರ್ ಐತಲಾ, ಅದು ಹಾಕೇತೇನು ನೋಡು."

ನಾನು ಏಣಿ ಹತ್ತಿ ಬಗ್ಗಿ ನೋಡಿದೆ. ಲಿವರ್ ಮೇಲಕ್ಕೆ ತಳ್ಳಿದಂತಿತ್ತು, ಬುಡದಲ್ಲಿ ಒಂದು ಕೆಂಪು ಗೆರೆ ಕಾಣುತ್ತಿತ್ತು. "ಹಾಕಿದೆ ಅಂಕಲ್" ಅಂದು ಕೆಳಗಿಳಿದೆ.

"ಹಂಗಾದ್ರ ಏರಲಿ."

ಡೈರೆಕ್ಟರ್ ಏಣಿ ಹತ್ತಿದರು. ಇಸ್ತ್ರಿ ಮಾಡಿದ ಪ್ಯಾಂಟು ಮಣ್ಣಾಗದಂತೆ ಎತ್ತಿ ಹಿಡಿದು ಒಂದು ಕಾಲು ಒಳಗಿಟ್ಟರು. ಫೋನು ಇನ್ನೂ ನನ್ನ ಕಿವಿಯಲ್ಲೇ ಇತ್ತು.

"ತಡಿ ತಡಿ. ಹಾಕೇತಿ ಅಂದ್ರ ಹೆಂಗ ಹಾಕೇತಿ? ನನಗ ತಿಳೀಲಿಲ್ಲ. ಇನ್ನೊಮ್ಮೆ ಹೇಳು."

ನನಗೆ ಮೈಯೆಲ್ಲ ಉರಿದುಹೋಯಿತು. ಬಿಸಿಲು, ಬೆವರು, ಮೇಲೆ ನಗುತ್ತ ನಿಂತ ಡೈರೆಕ್ಟರ್, ಇಲ್ಲಿ ಇವರ ಮಾಮೂಲಿ ರಾಗ. "ಹಾಕಿದೆ ಅಂದ್ರೆ ಹಾಕಿದೆ ಅಂಕಲ್. ಲೈಟ್ ಹಾಕಿದ್ರೆ ಹೆಂಗಿರುತ್ತೋ ಹಂಗೆ!"

ಆ ಕಡೆಯಿಂದ ಅಂಕಲ್, "ಲೈಟ್ ಹಾಕಿದ್ರ..." ಎಂದು ನನ್ನ ಮಾತನ್ನೇ ಮೆಲ್ಲಗೆ ಹೇಳಿಕೊಂಡರು.

"ನಾವು ಲೈಟ್ ಹಾಕೂದಿಲ್ಲವಾ" ಅಂದರು. "ಲೈಟ್ ಹಚ್ಚತೀವಿ. ಬಾಗಲಾ ಹಾಕ್ತೀವಿ, ಚಿಲಕಾ ಹಾಕ್ತೀವಿ." ಮರುಕ್ಷಣ ಅಷ್ಟು ವರ್ಷಗಳಲ್ಲಿ ಯಾರೂ ಕೇಳಿರದ ದನಿಯಲ್ಲಿ ಕೂಗಿದರು: "ಮೊದ್ಲ ಅವರನ್ನ ಕೆಳಗ ಇಳಸು! ಏನೂ ಮುಟ್ಟಬ್ಯಾಡ ಅಂತ ಹೇಳು!"

ನಾನೂ ಕೂಗಿದೆ, ಯಾವ ಭಾಷೆಯಲ್ಲಿ ಎಂದು ನೆನಪಿಲ್ಲ. ಡೈರೆಕ್ಟರ್ ಹೆದರಿ, ಇಟ್ಟಿದ್ದ ಕಾಲನ್ನು ನಿಧಾನಕ್ಕೆ ಹೊರಗೆ ತೆಗೆದು ಇಳಿದರು. ದೂರದ ಪ್ರಯಾಣಿಕರ ವಿಮಾನ ಏನೂ ಆಗಿಲ್ಲವೆಂಬಂತೆ ಹೊರಟುಹೋಯಿತು. ನಿಜಕ್ಕೂ ಏನೂ ಆಗಿರಲಿಲ್ಲ.

ಅವರು ಕೇಳಿದ್ದು ಚಿಲಕ ಹಾಕಿದೆಯೇ ಎಂದು, ನಾನು ಹೇಳಿದ್ದು ಸ್ವಿಚ್ ಹಾಕಿದೆ ಎಂದು. ಅವರಿಗೆ ಹಾಕುವುದೆಂದರೆ ಮುಚ್ಚುವುದು. ನಮ್ಮ ಮೈಸೂರಿನಲ್ಲಿ ಬಾಗಿಲು ಹಾಕಿದರೆ ಮುಚ್ಚುತ್ತದೆ, ಫ್ಯಾನ್ ಹಾಕಿದರೆ ತಿರುಗುತ್ತದೆ. ಹುಟ್ಟಿದಾಗಿನಿಂದ ಎರಡನ್ನೂ ಒಂದೇ ಮಾತಿನಲ್ಲಿ ಹೇಳುತ್ತ ಬಂದಿದ್ದೆ, ಅದು ವಿಚಿತ್ರ ಎಂದು ಒಮ್ಮೆಯೂ ಅನ್ನಿಸಿರಲಿಲ್ಲ. ಟೆಕ್ನಿಷಿಯನ್‌ಗಳು ಬಂದು ನೋಡಿದರು. ಲಿವರ್ ಎಚ್ಚರದ ಕಡೆಗೇ ಇತ್ತು. ಒಂದು ಪಿನ್ನು ಇದ್ದಲ್ಲಿ ಇತ್ತು, ಇನ್ನೊಂದು ದಾರದಲ್ಲಿ ನೇತಾಡುತ್ತಿತ್ತು. ಒಂದು ಪಿನ್ನಿದ್ದರೂ ಸೀಟು ಹಾರುವುದಿಲ್ಲ ಎಂದ ಒಬ್ಬ. ಹಾಗೆ ಹೇಳಲು ಬರುವುದಿಲ್ಲ ಎಂದ ಇನ್ನೊಬ್ಬ. ಕೈಪಿಡಿಯ ಎರಡು ಅನುವಾದಗಳೂ ಅವರಷ್ಟೇ ಜಗಳವಾಡುತ್ತಿದ್ದವು. ಡೈರೆಕ್ಟರ್ ಕೂತಿದ್ದರೆ ಏನಾಗುತ್ತಿತ್ತು? ಬಹುಶಃ ಒಂದು ಒಳ್ಳೆಯ ಫೋಟೋ ಬರುತ್ತಿತ್ತು. ಬಹುಶಃ ಬೇರೆ ಏನೋ. ನನಗೆ ಆ ಎರಡರ ನಡುವೆ ನಿಲ್ಲಲು ಇವತ್ತಿಗೂ ಆಗುವುದಿಲ್ಲ.

ಅಂಕಲ್ ನನ್ನ ಮೇಲೆ ರೇಗಲಿಲ್ಲ. "ನೀ ಹೇಳಿದ್ದೂ ಖರೇನ, ನಾ ಕೇಳಿದ್ದೂ ಖರೇನ. ಅದಕ್ಕ ಹೆದರಿಕಿ" ಅಂದರು. ಆಮೇಲೆ, ಜೆಟ್ ಹತ್ತಿರ ಕನ್ನಡ ಬೇಡ ಎಂದು ನಿಯಮ ಮಾಡಿದರು. ನನಗೆ ಅದು ನಾಟಿತು. ಇಡೀ ಕಂಪನಿಯಲ್ಲಿ ಕನ್ನಡದವರೆಂದರೆ ನಾವಿಬ್ಬರೇ. ಅಲ್ಲಿಂದ ಮುಂದೆ ನಾನು ನಿಲ್ದಾಣದಿಂದ ಫೋನ್ ಮಾಡಿದರೆ, "ಅಂಕಲ್, ಲಿವರ್ ಈಸ್ ಇನ್ ಸೇಫ್ ಪೊಸಿಷನ್" ಎನ್ನುತ್ತಿದ್ದೆ. ಅವರು "ಕನ್ಫರ್ಮ್ಡ್" ಎಂದು ಫೋನ್ ಇಡುತ್ತಿದ್ದರು. ಮತ್ತೆ ತಕ್ಷಣ ಅವರಿಂದಲೇ ಫೋನ್ ಬರುತ್ತಿತ್ತು: "ಊಟಾ ಆತೇನು ತಂಗಿ?"

ಉತ್ತರ ಕೊಡುವ ದಿನ ಬಂತು. ಮೀಟಿಂಗ್ ರೂಮಿನಲ್ಲಿ ಡೈರೆಕ್ಟರ್, ಜೆಟ್‌ನ ಮಾಲೀಕ, ಅಂಕಲ್, ಪಕ್ಕದಲ್ಲಿ ನಾನು. ಡೈರೆಕ್ಟರ್ ಮೆಲ್ಲಗೆ ಕೇಳಿದರು, "ಅಂಕಲ್, ಯೆಸ್ ಆರ್ ನೋ? ಸೇಫ್ ಆರ್ ನಾಟ್ ಸೇಫ್?"

"ಐ ಡೋಂಟ್ ನೋ" ಅಂದರು ಅಂಕಲ್.

ಮಾಲೀಕ ನಕ್ಕ. ಹಾಗಾದರೆ ಅಪಾಯಕಾರಿ ಎನ್ನುತ್ತೀರಾ ಎಂದು ಕೇಳಿದ. ಅದನ್ನೂ ಹೇಳುತ್ತಿಲ್ಲ ಅಂದರು. ಇದೇ ಜೆಟ್ ಎಷ್ಟೋ ದೇಶಗಳಲ್ಲಿ ಹಾರುತ್ತಿದೆ ಎಂದ. ಹೌದು ಅಂದರು. ಎಲ್ಲಿ ದೋಷವಿದೆ ತೋರಿಸಿ ಎಂದ. ತೋರಿಸಲು ಆಗುತ್ತಿಲ್ಲ ಅಂದರು. ಡೈರೆಕ್ಟರ್ ತಲೆ ಹಿಡಿದುಕೊಂಡರು. ಅಂಕಲ್ ಬೇಡ ಎಂದಾದರೂ ಖಂಡಿತವಾಗಿ ಹೇಳಬಾರದೇ ಎಂದು ನನಗೇ ಅನ್ನಿಸಿತು. ಬೇಡ ಎನ್ನುವವರ ಜತೆ ನಿಂತುಕೊಳ್ಳಬಹುದು, ಗೊತ್ತಿಲ್ಲ ಎನ್ನುವವರ ಜತೆ ಎಲ್ಲಿ ನಿಲ್ಲುವುದು?

ಆ ಸಂಜೆ ಟೋವಾ ಪಾಯೋದ ಅವರ ಮನೆಗೆ ಹೋಗಿದ್ದೆ. ಅವರ ಹೆಂಡತಿ, ನನಗೆ ಆಂಟಿ, ಮೇಲೆ ಅಡುಗೆ ಮಾಡುತ್ತಿದ್ದರು, ನಾವಿಬ್ಬರೂ ಬ್ಲಾಕ್‌ನ ಕೆಳಗೆ ವಾಯ್ಡ್ ಡೆಕ್ ಎನ್ನುವ ಗೋಡೆಯಿಲ್ಲದ ಅಂಗಳದ ಕಲ್ಲು ಮೇಜಿಗೆ ಕೂತೆವು. "ಅಂಕಲ್, ನಿಮಗೆ ನಿಜವಾಗ್ಲೂ ಗೊತ್ತಿಲ್ವಾ, ಇಲ್ಲ ಹೇಳೋಕೆ ಇಷ್ಟ ಇರ್ಲಿಲ್ವಾ?" ಎಂದು ಜಗಳಕ್ಕೇ ನಿಂತೆ.

"ಖರೇನ ಗೊತ್ತಿಲ್ಲ. ಕೇಳು. ಪ್ಯಾಸೆಂಜರ್ ವಿಮಾನದಾಗ ಏನರ ತಿಳೀಲಿಲ್ಲ ಅಂದ್ರ ನಾ ಯಾರನ್ನರ ಕೇಳಬಹುದು. ಮಾಡಿದವರು ಅದಾರ, ನಡಸವರು ಅದಾರ, ಜಗತ್ತಿನ ತುಂಬ ಅದ ವಿಮಾನ. ಈ ಜೆಟ್ ಮಿಲಿಟರಿಯಾಗ ಇದ್ದಾಗ ಇದರ ಹಿಂದ ಒಂದು ಊರ ಇತ್ತು. ಸೀಟು ನೋಡವರ ಬ್ಯಾರೆ, ಎಂಜಿನ್ ನೋಡವರ ಬ್ಯಾರೆ. ಅವರಿಗೆ ಏನ ಗೊತ್ತಿತ್ತೋ ಅದೆಲ್ಲಾ ಅವರ ಬಾಯಾಗ ಇತ್ತು. ಜೆಟ್ ಮಾರಿದ್ರು, ಊರ ಮಾರಲಿಲ್ಲ. ಈಗ ನಾ ಇನ್ನೊಮ್ಮೆ ಹೇಳ್ರಿ ಅಂತ ಯಾರನ್ನ ಕೇಳ್ಲಿ?"

ಅವರು ತಮ್ಮ ಬಿಳಿ ಹುಬ್ಬನ್ನು ಬೆರಳಿನಿಂದ ಉಜ್ಜಿಕೊಳ್ಳುತ್ತ, "ಅವಂಗ ಆಸೆ ಐತಿ, ಹಾರಲಿ. ಅಲ್ಲಿ ಪ್ಯಾಸೆಂಜರ್ ವಿಮಾನದ ಕಿಟಕ್ಯಾಗ ಕುಂತವರು ಮಾತ್ರ ಇದನ್ನ ಕೇಳಿಲ್ಲ ನೋಡು" ಅಂದರು.

'ಗೊತ್ತಿಲ್ಲ' ಎಂಬ ಉತ್ತರ ಹಿಡಿದುಕೊಂಡು ನಿಲ್ದಾಣದವರು ಒಪ್ಪಿಗೆ ಕೊಡಲಿಲ್ಲ. ಜೆಟ್ ಹಡಗಿನಲ್ಲಿ ಬೇರೆ ದೇಶಕ್ಕೆ ಹೋಯಿತು. ಗಿರಾಕಿಯೂ ಹೋದ. ಅಂಕಲ್‌ರ ಕಾಂಟ್ರಾಕ್ಟ್ ಮುಗಿದಾಗ ಡೈರೆಕ್ಟರ್ ಅದನ್ನು ಮುಂದುವರಿಸಲಿಲ್ಲ. ಬೀಳ್ಕೊಡುವ ದಿನ ಕೇಕು ಕತ್ತರಿಸಿದರು. ಡೈರೆಕ್ಟರ್ ಅಂಕಲ್‌ರ ಕೈ ಹಿಡಿದು ಬಹಳ ಹೊತ್ತು ಬಿಡಲಿಲ್ಲ. ಕೋಪವೋ ಕೃತಜ್ಞತೆಯೋ, ಅವರಿಗೂ ತಿಳಿದಿರಲಿಲ್ಲ ಅಂತ ಕಾಣುತ್ತದೆ.

ಒಂದೆರಡು ವರ್ಷ ಕಳೆದ ಮೇಲೆ ಫೋನಿನಲ್ಲಿ ಒಂದು ವಿಡಿಯೋ ನೋಡಿದೆ. ಅದೇ ಜೆಟ್, ಹೊಸ ಬಣ್ಣ ಬಳಿದುಕೊಂಡು, ಇನ್ನಾವುದೋ ದೇಶದ ನಿಲ್ದಾಣದಿಂದ ಹಾರುತ್ತಿತ್ತು. ಹಿಂದಿನ ಸೀಟಿನಲ್ಲಿ ಒಬ್ಬಳು ಕೈ ಬೀಸುತ್ತ ನಗುತ್ತಿದ್ದಳು. ಏನೂ ಆಗಿರಲಿಲ್ಲ. ಓಡಿಹೋಗಿ ಅಂಕಲ್‌ಗೆ ತೋರಿಸಿದೆ. ಪೂರ್ತಿ ನೋಡಿ, "ಭಾಳ ಚಲೋ ಹಾರ್ತದಲಾ!" ಎಂದು ಮನಸಾರೆ ಸಂತೋಷಪಟ್ಟರು. ಹಾಗಾದರೆ ನೀವು ಸುಮ್ಮನೆ ಕೆಲಸ ಕಳಕೊಂಡಿರಾ ಎಂದು ಕೇಳಿದೆ. "ಅದೂ ತಿಳದಿಲ್ಲ" ಅಂದರು. ನನಗೆ ಅಳು ಬಂತು, ಅವರು ನಕ್ಕರು.

ಆಮೇಲೆ ಸಕ್ಕರೆ ಕಾಯಿಲೆ ಅವರ ಕಿಡ್ನಿಗೆ ಬಂತು, ಅಲ್ಲಿಂದ ಎದೆಗೆ. ಆಸ್ಪತ್ರೆಗೆ ಕೊನೆಯ ಸಲ ಹೋದ ದಿನ ಅವರ ಮುಖಕ್ಕೆ ಆಕ್ಸಿಜನ್ ಮಾಸ್ಕ್ ಇತ್ತು. ಆಂಟಿ ಡಾಕ್ಟರ್ ಹತ್ತಿರ ಮಾತಾಡಲು ಹೊರಗೆ ಹೋಗಿದ್ದರು. ಅಂಕಲ್ ಕಣ್ಣು ತೆರೆದು, ಕೈಯಿಂದ ಮಾಸ್ಕ್ ಸ್ವಲ್ಪ ಸರಿಸಿ ಒಂದು ಮಾತು ಹೇಳಿದರು. ಮಾತಿನ ಬಾಲ ಮಾತ್ರ ಕೇಳಿಸಿತು. ಹಾಕು ಅಂದರೋ, ಸಾಕು ಅಂದರೋ. ಕಾಯಿಲೆಯವರ ಮುಂದೆ ಎಲ್ಲರೂ ಮಾಡುವಂತೆ ನಾನು ಹೂಂ ಎಂದು ತಲೆಯಾಡಿಸಿದೆ. ಬಿಳಿ ಹುಬ್ಬು ಮೆಲ್ಲಗೆ ಮೇಲೇರಿತು.

ನನಗೆ ನಾಚಿಕೆಯಾಯಿತು. "ಇಲ್ಲ ಅಂಕಲ್, ತಿಳೀಲಿಲ್ಲ. ಇನ್ನೊಮ್ಮೆ ಹೇಳಿ" ಅಂದೆ.

ಅವರು ನಕ್ಕರು. ಕಣ್ಣಿನಲ್ಲಿ ಮಾತ್ರ, ಆದರೆ ನಕ್ಕರು. ಇನ್ನೊಮ್ಮೆ ಹೇಳಿದರು. ಕಿವಿಯನ್ನು ಬಾಯಿಯ ಹತ್ತಿರ ಹಿಡಿದಿದ್ದರೂ ಮತ್ತೆ ಅಷ್ಟೇ ಕೇಳಿಸಿತು. ಮಾಸ್ಕ್ ಹಾಕು ಅಂದರೇ, ಇದೆಲ್ಲ ಸಾಕು ಅಂದರೇ? ಮತ್ತೆ ಕೇಳುವಷ್ಟರಲ್ಲಿ ನರ್ಸ್ ಬಂದು ಮಾಸ್ಕ್ ಸರಿಮಾಡಿದಳು, ಅವರಿಗೆ ನಿದ್ದೆ ಹತ್ತಿತು. ಮತ್ತೆ ಅವರು ಮಾತಾಡಲಿಲ್ಲ.

ಚಿತಾಗಾರದ ಹೊರಗಿನ ಬೆಂಚಿನಲ್ಲಿ ಆಂಟಿ ನನ್ನ ಕೈ ಹಿಡಿದು ಕೇಳಿದರು, "ಕಡೀಕ ನಿನ್ನ ಹತ್ರ ಏನೋ ಅಂದ್ರಂತಲಾ. ಏನಂದ್ರು?"

ಅವರ ಮುಖ ನೋಡಿದೆ. ಏನಾದರೂ ಒಂದು ಒಳ್ಳೆಯ ಮಾತು ಬೇಕಾಗಿತ್ತು ಅವರಿಗೆ. ಸಾಕು ಅಂದರು ಆಂಟಿ, ತೃಪ್ತಿಯಾಗಿ ಹೋದರು ಎಂದುಬಿಡುವುದು ಎಷ್ಟು ಸುಲಭವಾಗಿತ್ತು. ಮಾತು ಗಂಟಲ ತನಕ ಬಂದಿತ್ತು.

"ನಂಗೆ ತಿಳೀಲಿಲ್ಲ ಆಂಟಿ" ಅಂದೆ. "ಇನ್ನೊಮ್ಮೆ ಹೇಳಿ ಅಂತ ಕೇಳಿದೆ. ಇನ್ನೊಮ್ಮೆ ಹೇಳಿದ್ರು. ಆಗ್ಲೂ ತಿಳೀಲಿಲ್ಲ."

ಆಂಟಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಇನ್ನೊಮ್ಮೆ ಹೇಳ್ರಿ ಅಂದ್ಯಾ?" ಎಂದು ಕೇಳಿದರು. "ಜೀವಮಾನದಾಗ ಅವರಿಗೆ ಯಾರೂ ಹಂಗ ಕೇಳಿರಲಿಲ್ಲವಾ. ಎಲ್ಲಾರೂ ಅವರ ಮಾತಿಗೆ ಹೂಂ ಅಂತಿದ್ರು, ನಾನೂ."